ಹನ್ನೊಂದನೆಯ ದಿನದ ದನಿ

ಅಟ್ಟೂರಿನ ಪದ್ಮಶ್ರೀ ೨೦೦೯ರಲ್ಲಿ ರಾಕ್ ಬ್ಯಾಂಡ್ ಸೇರಿದಾಗ ನೆಂಟರೆಲ್ಲ ನಕ್ಕಿದ್ದರು. ಎಂಟು ವರ್ಷ ಕಳೆಯುವಷ್ಟರಲ್ಲಿ ಯಲಹಂಕದಿಂದ ಯಶವಂತಪುರದವರೆಗೆ ಕಾಲೇಜು ಹುಡುಗರು ಅವಳ ಹೆಸರು ಕೂಗಿ ಕುಣಿಯುತ್ತಿದ್ದರು.

ಒಂದು ಸಂಜೆ ಹೆಬ್ಬಾಳದ ವೇದಿಕೆಯಲ್ಲಿ, ಹಾಡಿನ ನಡುವೆ ಅವಳ ದನಿ ನಿಂತುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಅದೂ ಹಾಡಿನದೇ ಭಾಗವೆಂದುಕೊಂಡ ಜನ ಚಪ್ಪಾಳೆ ತಟ್ಟಿದರು.

ಗಂಟಲಲ್ಲಿ ಗಂಟು ಬೆಳೆದಿತ್ತು. ಆಪರೇಷನ್ ಆದ ಮೇಲೆ ಹತ್ತು ದಿನ ಪಿಸುಮಾತನ್ನೂ ಆಡಬಾರದೆಂದು ಡಾಕ್ಟರು ಹೇಳಿದರು. ನಿದ್ದೆಯಲ್ಲಿ ಎಲ್ಲಿ ಕನವರಿಸಿಬಿಡುವೆನೋ ಎಂಬ ಹೆದರಿಕೆಗೆ ಪದ್ಮಶ್ರೀ ಬಾಯಿಗೆ ದುಪಟ್ಟಾ ಕಟ್ಟಿಕೊಂಡು ಮಲಗುತ್ತಿದ್ದಳು.

ಹನ್ನೊಂದನೆಯ ದಿನ ಡಾಕ್ಟರು, "ಈಗ ಮೆಲ್ಲಗೆ ಮಾತಾಡಿ ನೋಡೋಣ" ಅಂದರು.

ಅವಳು ಆಗದೆಂದು ತಲೆಯಲ್ಲಾಡಿಸಿದಳು. ಸುಮ್ಮನಿರುವಷ್ಟು ಹೊತ್ತು ದನಿ ಉಳಿದಿದೆಯೆಂದು ನಂಬಬಹುದಿತ್ತು. ಬಾಯಿ ತೆರೆದರೆ ನಿಜ ತಿಳಿದುಬಿಡುತ್ತಿತ್ತು.

ಪಕ್ಕದಲ್ಲಿದ್ದ ತಾಯಿ ಮುನಿನಾರಾಯಣಮ್ಮ ಅವಳ ಕೈ ಹಿಡಿದುಕೊಂಡರು.

"ನಂಗೂ ಭಯ ಆಗ್ತೈತೆ ಕಣೇ. ಎಂಗಾದ್ರೂ ಇರ್ಲಿ, ಒಂದ್ಸಲ ಕರಿ ನನ್ನ."

"ಅಮ್ಮಾ."

ಹೊರಬಂದದ್ದು ಯಾರೋ ಅಪರಿಚಿತ ಹೆಂಗಸಿನ ದಪ್ಪ ದನಿ. ಪದ್ಮಶ್ರೀ ಬೆಚ್ಚಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ತಾಯಿ ಮಾತ್ರ ಅಳುತ್ತಲೇ, "ಊ ಕಣವ್ವಾ" ಅಂದರು.

ಆ ದನಿಯನ್ನು ಪಳಗಿಸಲು ಒಂದು ವರ್ಷ ಹಿಡಿಯಿತು. ೨೦೧೮ರಲ್ಲಿ ಸಹಕಾರನಗರದ ಪುಟ್ಟ ಸಭಾಂಗಣದಲ್ಲಿ ಅವಳು ಮತ್ತೆ ಹಾಡಿದಳು, ಹಳೆಯ ಹಾಡುಗಳನ್ನೇ, ತಗ್ಗಿನ ಶ್ರುತಿಯಲ್ಲಿ. ಮೊದಲ ಸಾಲು ಮುಗಿಯುವವರೆಗೂ ಭಯದಿಂದ ಕಣ್ಣು ತೆರೆಯಲಿಲ್ಲ.