ಅಪ್ಪನ ನರ್ಸರಿ, ತಮ್ಮನ ಪುಸ್ತಕ

ನನ್ನ ತಮ್ಮ ದೊಡ್ಡ ಲೇಖಕ. ಲಿಂಗಸುಗೂರಿನಲ್ಲಿ ನನ್ನನ್ನು ಅವನ ಅಕ್ಕ ಎಂದೇ ಗುರುತಿಸುತ್ತಾರೆ. ಅದಕ್ಕೇನೂ ಬೇಸರವಿರಲಿಲ್ಲ. ಅವನು ಅಪ್ಪನ ಬಗ್ಗೆ ಪುಸ್ತಕ ಬರೆದಾಗ ಮಾತ್ರ ನನ್ನ ಹೊಟ್ಟೆಗೆ ಕಿಚ್ಚು ಬಿತ್ತು.

ಅಪ್ಪ ಮಿಲಿಟರಿಯಲ್ಲಿದ್ದವನು. ನಿವೃತ್ತನಾಗಿ ಬಂದು ಮಸ್ಕಿ ರಸ್ತೆಯ ಪಕ್ಕ ನರ್ಸರಿ ಹಾಕಿದ. ಮಾವು, ಪೇರಲ, ನಿಂಬೆ. ಬೂಟು ಹಾಕಿಕೊಂಡೇ ಸಸಿಗಳಿಗೆ ನೀರುಣಿಸುತ್ತಿದ್ದ. ತಮ್ಮ ಓದಲು ಕಲಬುರಗಿಯ ಹಾಸ್ಟೆಲ್ ಸೇರಿದ. ನಾನು ಮದುವೆಯಾಗಿದ್ದೂ ಊರಲ್ಲೇ. ದಿನವೂ ಅಪ್ಪನ ಜೊತೆ ಮಣ್ಣು ಹದ ಮಾಡಿದೆ, ಕಸಿ ಕಟ್ಟಿದೆ, ಅವನಿಂದ ಬೈಸಿಕೊಂಡೆ.

ಸಿಂಧನೂರಿನಲ್ಲಿ ಪುಸ್ತಕ ಬಿಡುಗಡೆಯಾಯಿತು. ವೇದಿಕೆಯ ಮೇಲೆ ಅಪ್ಪನಿಗೆ ಶಾಲು ಹೊದಿಸಿದರು. ನನ್ನ ತಮ್ಮ, ಅಪ್ಪನ ಕೈಯ ಮಣ್ಣಿನ ವಾಸನೆಯ ಬಗ್ಗೆ ಮಾತಾಡಿ ಜನರ ಕಣ್ಣಲ್ಲಿ ನೀರು ತರಿಸಿದ. ಸೂಟಿಯಲ್ಲಿ ನಾಲ್ಕು ದಿನ ಬಂದು ಹೋಗುತ್ತಿದ್ದವನಿಗೆ ಆ ವಾಸನೆ ಎಷ್ಟು ಗೊತ್ತು? ಪಕ್ಕದಲ್ಲಿದ್ದ ತುರ್ವಿಹಾಳದ ಟೀಚರೊಬ್ಬರು ನನ್ನತ್ತ ಬಾಗಿ, “ಮಗ ತಂದೀನ್ನ ಎಷ್ಟ್ ಚೊಲೋ ನೋಡಿಕೊಂಡಾನ ನೋಡ್ರಿ,” ಅಂದರು. ನಾನು ಎದ್ದು ಹೊರಗೆ ಹೋದೆ.

ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತು ನಾನೇ ಆ ಪುಸ್ತಕ ಓದಿ ಹೇಳಬೇಕಾಯಿತು. ಅವನು ನಗುತ್ತಿದ್ದ, ಇನ್ನೊಮ್ಮೆ ಓದು ಅನ್ನುತ್ತಿದ್ದ. ಮುಗಿದ ದಿನ ಕೇಳಿಯೇಬಿಟ್ಟೆ.

“ಅಪ್ಪಾ, ಇದರಾಗ ನಾ ಎಲ್ಲದೀನಿ?”

“ಒಂದ್ ಕಡಿ ಬಂದೀಯಲ್ಲ, ಚಾ ತಂದುಕೊಡ್ತೀ.”

ಪುಸ್ತಕ ಮುಚ್ಚಿ ಎದ್ದೆ. ಅಪ್ಪ ನನ್ನ ಸೆರಗು ಹಿಡಿದು ಕೂರಿಸಿದ. “ಕುಂದ್ರು. ಅಂವಗ ಹೇಳದಿದ್ದದ್ದೊಂದು ಹೇಳ್ತೀನಿ.”

ಹಿಮದ ಗುಡ್ಡದ ಠಾಣೆಯಲ್ಲಿದ್ದಾಗ ತಿಂಗಳುಗಟ್ಟಲೆ ಹಸಿರು ಕಂಡಿರಲಿಲ್ಲವಂತೆ. ಹಾಲಿನ ಪುಡಿಯ ಡಬ್ಬಿಗೆ ಮಣ್ಣು ತುಂಬಿ, ಅಡುಗೆಯ ಹವೀಜ ಬಿತ್ತಿ, ಒಲೆಯ ಪಕ್ಕ ಇಟ್ಟನಂತೆ. ಕೋತಂಬರಿ ಚಿಗುರಿತು. ಜವಾನರೆಲ್ಲ ಪಾಳಿಯಲ್ಲಿ ಬಂದು ಮೂಸಿ ನೋಡಿದರು. ಒಬ್ಬ ಅತ್ತೇಬಿಟ್ಟ.

“ಜೀವಂತ ಊರಿಗಿ ಹೋದ್ರ ಗಿಡಾನೇ ಬೆಳಸ್ತೀನಿ ಅಂತ ಅವತ್ತ ಅನಕೊಂಡೆ,” ಎಂದ.

ಈ ಕತೆ ನನಗೊಬ್ಬಳಿಗೇ ಗೊತ್ತೆಂಬ ಹಿಗ್ಗಿಗೆ ಕೆಲವು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ತಮ್ಮ ಫೋನು ಮಾಡಿದ. ಅಪ್ಪ ಅದನ್ನೇ ಅವನಿಗೂ ಹೇಳಿದ, ಇನ್ನಷ್ಟು ಬಣ್ಣ ಹಚ್ಚಿ. ಎರಡನೆಯ ಮುದ್ರಣದಲ್ಲಿ ಕೋತಂಬರಿಗೆ ಒಂದು ಅಧ್ಯಾಯವೇ ಬಂತು.

ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ದಿನಕರ್ಮಕ್ಕೆ ಬಂದ ತಮ್ಮ, ಹೋಗುವ ಮೊದಲು ತಾನೇ ಒಂದು ಮಾವಿನ ಸಸಿಗೆ ಕಸಿ ಕಟ್ಟಿದ. ಮತ್ತೆ ಬಂದಾಗ ಅದು ಒಣಗಿತ್ತು. ಸುತ್ತಲೂ ನಾನು ಕಟ್ಟಿದ ಸಸಿಗಳು ಚಿಗುರಿದ್ದವು. ಅವನು ಆ ಸಸಿಗಳನ್ನೂ ನನ್ನ ಕೈಗಳನ್ನೂ ನೋಡುತ್ತ ನಿಂತ.

“ಅಕ್ಕಾ, ಅಪ್ಪ ನಿನಗ ಎಲ್ಲಾ ಕಲಿಸ್ಯಾನ. ನನಗ ಬರೇ ಕತಿ ಹೇಳಿದ.”

ದನಿಯಲ್ಲಿ ಹೊಟ್ಟೆಯುರಿ ಇತ್ತು. ನನಗೆ ಅದರ ಗುರುತು ಚೆನ್ನಾಗಿದೆ. ಸಮಾಧಾನ ಹೇಳಬೇಕೆನಿಸಲಿಲ್ಲ, ಖುಷಿಯಾಯಿತು. ಸ್ವಲ್ಪ ಹೊತ್ತು ಆ ಖುಷಿಯಲ್ಲೇ ಇದ್ದು, ಆಮೇಲೆ ಕಸಿಗೆ ಹೊಸದೊಂದು ಕಡ್ಡಿ ಕೊಯ್ದು ಅವನ ಕೈಗಿಟ್ಟೆ.

“ಹಿಡಕೋ. ಮೊದಲ ಹೆಂಗ ಕೆತ್ತಬೇಕು ನೋಡು.”