ಭೋಜದ ಬಿಸಿಲಿನಲ್ಲಿ ಹಿಮದ ಗಾಯ

ಮೂವತ್ತು ವರ್ಷ ದನದ ಡಾಕ್ಟರಾಗಿ ದುಡಿದವನು ನಾನು. ಎಮ್ಮೆಗೆ ದೆವ್ವ ಮೆಟ್ಟಿದೆ, ಹೋರಿಗೆ ದೃಷ್ಟಿ ತಾಗಿದೆ ಎಂದು ಕರೆದಲ್ಲಿಗೆಲ್ಲ ಹೋಗಿ ಜಂತುಹುಳಕ್ಕೋ ಜ್ವರಕ್ಕೋ ಔಷಧ ಕೊಟ್ಟು ಬಂದಿದ್ದೇನೆ. ಕಾರಣವಿಲ್ಲದ ರೋಗವಿಲ್ಲ ಎಂದು ಜನರೆದುರು ಜಂಬದಿಂದ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ನಿಪ್ಪಾಣಿ ಕಡೆಯ ಭೋಜ ಎಂಬ ಹಳ್ಳಿಯಲ್ಲಿ, ಮೇ ತಿಂಗಳ ಹಾಡಹಗಲು, ನಾನೇ ಕೈಯಲ್ಲಿ ಹಿಡಿದು ನೋಡಿದ್ದು ನಾನು ಓದಿದ ಯಾವ ಪುಸ್ತಕಕ್ಕೂ ಹೊಂದುವುದಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಭೋಜದಲ್ಲಿ ಹುಸೇನಸಾಬ ಎಂಬ ನಿವೃತ್ತ ಹವಾಲ್ದಾರರಿದ್ದರು. ಊರವರ ಬಾಯಲ್ಲಿ ನಾಯಿಗಾಡಿ ಹುಸೇನಸಾಬ. ಸೈನ್ಯದಲ್ಲಿದ್ದಾಗ ಹಿಮಾಲಯದ ನೆತ್ತಿಯಲ್ಲಿ, ಹಿಮದ ಮೇಲೆ ಜಾರುವ ಗಾಲಿಯಿಲ್ಲದ ಗಾಡಿಗೆ ಎಂಟು ನಾಯಿ ಹೂಡಿ ಓಡಿಸಿದವರು. ಯಾರೂ ಕಾಲಿಡದ ಕಡೆ ಮೊದಲು ಹೋಗಿ ದಾರಿ ಗುರುತಿಸಿ ಬರುವುದು ಅವರ ತುಕಡಿಯ ಕೆಲಸ. ಹೆಪ್ಪುಗಟ್ಟಿದ ನದಿಯ ಮೇಲೆ ಗಾಡಿ ಹೊಡೆದದ್ದು, ಬಿರುಕಿಗೆ ಬಿದ್ದ ಅಧಿಕಾರಿಯನ್ನು ನಾಯಿಗಳಿಂದ ಎಳೆಸಿ ಮೇಲೆತ್ತಿದ್ದು, ಇಂಥವನ್ನೆಲ್ಲ ಅವರು ಕಟ್ಟೆಯ ಮೇಲೆ ಕೂತು ಹೇಳತೊಡಗಿದರೆ ಕಬ್ಬಿಗೆ ನೀರು ಬಿಟ್ಟು ಬಂದವರು ನೀರನ್ನೇ ಮರೆಯುತ್ತಿದ್ದರು. ಎಡಗಾಲಿನ ಬೆರಳುಗಳನ್ನೆಲ್ಲ ಆ ಚಳಿ ತಿಂದಿತ್ತು. ಅದನ್ನೂ ನಗುತ್ತಲೇ ತೋರಿಸುತ್ತಿದ್ದರು.

ಆ ದಿನ ಅವರ ಸೊಸೆ ಶಬಾನಾ ಫೋನ್ ಮಾಡಿದಳು. "ಸಾಹೇಬ್ರ, ಜರಾ ಬಂದ್ ಹೋಗ್ರಿ. ಒಂದ್ ಬೀದಿನಾಯಿ ಮೂರ್ ದಿನದಿಂದ ಬಾಗಿಲ ಮುಂದ ಕುಂತೈತಿ. ಅದನ್ನ ನೋಡಿ ಮಾವ ಊಟಾನ ಬಿಟ್ಟಾರ."

ಬೆಳಿಗ್ಗೆಯಷ್ಟೇ ಹತ್ತಿರದ ಅಕ್ಕೋಳ ಊರಿನಲ್ಲಿ ಸೊಂಟ ಮುರಿದ ಕರುವೊಂದಕ್ಕೆ ಪ್ರಾಣ ಬಿಡಿಸುವ ಇಂಜೆಕ್ಷನ್ ಕೊಟ್ಟಿದ್ದೆ. ಅಲ್ಲಿಂದಲೇ ಹೊರಟೆ.

ಕಂದು ಬಣ್ಣದ ಸಾಧಾರಣ ಹೆಣ್ಣುನಾಯಿ. ಬಿಸಿಲಲ್ಲೇ ಕೂತಿತ್ತು. ಹುಸೇನಸಾಬರ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಅದರ ಮುಂಗಾಲು ಹಿಡಿದವನು ತಟ್ಟನೆ ಬಿಟ್ಟೆ. ಹಂಚು ಕಾದಿದ್ದ ಆ ಹೊತ್ತಿನಲ್ಲಿ ಪಾದ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಬೆರಳುಗಳು ಕಪ್ಪಾಗಿ ಗಟ್ಟಿಯಾಗಿದ್ದವು, ಕಿವಿಯ ತುದಿಗಳೂ ಹಾಗೇ. ಎದೆಯ ಮೇಲೆ ವರ್ಷಗಟ್ಟಲೆ ಗಾಡಿಗೆ ಹೂಡುವ ಪಟ್ಟಿ ಉಜ್ಜಿದಂತೆ ಕೂದಲು ಸವೆದಿತ್ತು.

"ಡಾಂಬರಿಗೆ ಸುಟ್ಟಿರಬೇಕ್ರಿ" ಎಂದೆ. ನನ್ನ ಮಾತು ನನಗೇ ಹಿಡಿಸಲಿಲ್ಲ.

ಹುಸೇನಸಾಬ ಚಪ್ಪಲಿ ಕಳಚಿ ತಮ್ಮ ಮೊಂಡು ಪಾದವನ್ನು ಅದರ ಪಕ್ಕಕ್ಕೆ ಚಾಚಿದರು. "ಸುಟ್ಟಿದ್ದಲ್ರಿ. ಥಂಡಿ ತಿಂದದ್ದು. ಈಕಿ ನಮ್ಮ ರಾಣಿ. ಗಾಡಿ ಮುಂದ ಓಡಾಕಿ."

ಆಮೇಲೆ ಅವರು ಕಟ್ಟೆಯ ಮೇಲೆ ಎಂದೂ ಹೇಳದ್ದನ್ನು ಹೇಳಿದರು. ಹಿಮದ ಬಿರುಗಾಳಿ, ಗಾಡಿಯ ಮೇಲೆ ಸಾಯುವ ಸ್ಥಿತಿಯಲ್ಲಿ ಬಿದ್ದಿದ್ದ ಇಬ್ಬರು ಸಿಪಾಯಿಗಳು. ರಾಣಿಯ ಪಾದಗಳು ಸತ್ತುಹೋದವು.

"ಹಗ್ಗ ಬಿಚ್ಚಿದ್ನಿರಿ. ಕುಂಟಕೋತ ಹಿಂದ ಬಂದ್ಳು. ಆಕಿ ಹಿಂದ ಬಂದ್ರ ಉಳಿದ ನಾಯಿ ಮುಂದ ಹೋಗೂದಿಲ್ಲ. ಗುಂಡ ಹೊಡದ್ರ ಮ್ಯಾಲಿನ ಹಿಮ ಕುಸಿತಿತ್ತು. ಚಾಕು ಇತ್ತು, ಕೈ ಬರಲಿಲ್ಲ. ಗೂಟಾ ಬಡದು ಜೀವಂತ ಕಟ್ಟಿ ಬಂದ್ನಿ. ಎಷ್ಟೋ ದೂರ ಬಂದ್ರೂ ಒದರೂದು ಕೇಳಸ್ತಿತ್ತು."

ಸಿಪಾಯಿಗಳಿಬ್ಬರೂ ಬದುಕಿದರು. ಹುಸೇನಸಾಬರಿಗೆ ಪದಕ ಬಂತು.

"ಅವತ್ತ ನಾ ಮಾಡಬೇಕಾಗಿದ್ದು ಇವತ್ತ ನೀವ್ ಮಾಡ್ರಿ" ಎಂದು ಕೈ ಮುಗಿದರು.

ಅದರ ಸ್ಥಿತಿ ನೋಡಿ ನಾನೂ ಒಪ್ಪಿದೆ. ಕರುವನ್ನು ನಿಮಿಷಗಳಲ್ಲಿ ಮಲಗಿಸಿದ್ದ ಅದೇ ಬಾಟಲಿಯ ಔಷಧ. ನಾಯಿ ತೂಕಡಿಸಲೂ ಇಲ್ಲ. ಇನ್ನೊಮ್ಮೆ, ಇಮ್ಮಡಿ ಕೊಟ್ಟೆ. ಎದೆಗೆ ಕಿವಿಯಿಟ್ಟು ಕೇಳಿದೆ, ಬಡಿತ ಒಂದಿಷ್ಟೂ ತಪ್ಪಿರಲಿಲ್ಲ. "ಇದನ್ನ ಎಲ್ಲರೆ ದೂರ ಬಿಟ್ಟ್ ಬರ್ರಿ" ಎಂದು ಕೂಗಿಬಿಟ್ಟೆ.

ಹುಸೇನಸಾಬ ನನ್ನನ್ನೇ ನೋಡಿದರು. "ಮತ್ತೊಮ್ಮೆ ಬಿಟ್ಟ್ ಬರ್ಲೇನ್ರಿ?" ಎಂದರು.

ಅವರು ಅದರ ಮುಂದೆ ನೆಲದ ಮೇಲೆ ಕೂತರು. ಎರಡು ದಿನ ಏಳಲಿಲ್ಲ. ನಾಯಿ ಒದರತೊಡಗಿತು. ಅಂಥ ಕೂಗನ್ನು ನಮ್ಮ ಕಡೆಯ ಯಾವ ನಾಯಿಯಲ್ಲೂ ನಾನು ಕೇಳಿಲ್ಲ. ಅವರು ತಲೆ ಸವರಲು ಕೈ ಚಾಚುವರು, ಅದು ಕಚ್ಚುವುದು. ಮತ್ತೆ ಚಾಚುವರು. ನಾನು ಹೋಗಿ ಗಾಯ ತೊಳೆದು, ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕಿಸಿಕೊಳ್ಳಲು ನಿಪ್ಪಾಣಿಗೆ ಕರೆದರೆ ಬರಲಿಲ್ಲ. ಶಬಾನಾ ಅತ್ತು ಕರೆದರೂ ಒಳಗೆ ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾಯಿ ಪಕ್ಕಕ್ಕೆ ಉರುಳಿತು. ಹುಸೇನಸಾಬ ಕೊನೆಯ ಸಲ ಕೈ ಚಾಚಿದರು. ಅದು ಆ ಕೈ ಕಚ್ಚಿ ಹಿಡಿದೇ ಪ್ರಾಣ ಬಿಟ್ಟಿತು. ಕುಡುಗೋಲಿನ ಹಿಡಿಕೆ ತೂರಿಸಿ ದವಡೆ ಬಿಡಿಸಬೇಕಾಯಿತು.

ಪಟ್ಟಿ ಕಟ್ಟುವಾಗ ಅವರು ಮೆಲ್ಲಗೆ ಕೇಳಿದರು: "ಡಾಕ್ಟರ್ ಸಾಹೇಬ್ರ, ಆಕಿ ನನ್ನ ಮಾಫ್ ಮಾಡಿದಳೇನ್ರಿ?"

"ಮಾಡ್ಯಾಳ್ರಿ" ಎಂದೆ.

"ನೀವು ಜನಾವರದ ಡಾಕ್ಟರ್ ಅದೀರಿ. ಸುಳ್ಳ ಹೇಳಬ್ಯಾಡ್ರಿ."

ಅಂದಿನಿಂದ ಅವರು ಕಟ್ಟೆಗೆ ಬರಲಿಲ್ಲ. ಯಾರು ಕೇಳಿದರೂ ಹಿಮದ ಮಾತೆತ್ತಲಿಲ್ಲ.

ನಾನು ಸುಮ್ಮನಿರಲಿಲ್ಲ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಯಾವುದಾದರೂ ನಾಯಿ ಸಿಕ್ಕಿಕೊಂಡಿತ್ತೇ ಎಂದು ಕಾಗವಾಡದವರೆಗೂ ಹೋಗಿ ವಿಚಾರಿಸಿದೆ. ಇಲ್ಲವೆಂದರು. ಇದ್ದರೂ, ಅಷ್ಟು ದಿನದ ಬಿಸಿಲಿನಲ್ಲಿ ಆ ಪಾದ ತಣ್ಣಗೇ ಉಳಿದದ್ದು ಹೇಗೆ? ಎರಡು ಇಂಜೆಕ್ಷನ್ ಎಲ್ಲಿ ಹೋದವು? ಒಂದು ಕಾರಣ ಸಿಕ್ಕಿದ್ದರೆ, ಅದು ಬರೀ ಒಂದು ಬೀದಿನಾಯಿಯಾಗಿತ್ತು ಎಂದು ಹುಸೇನಸಾಬರಿಗೆ ಹೇಳಿ ಬರಬಹುದಿತ್ತು. ಅವರು ಬದುಕಿದ್ದಷ್ಟು ದಿನ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ.