ತಪ್ಪೆಲ್ಲ ಹುಚ್ಚೆಳ್ಳು ಚಟ್ನಿಯದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಮೀಸೆ, ಸೀಟಿ, ಗಂಜಿ ಹಾಕಿದ ಬಿಳಿ ಪ್ಯಾಂಟು, ಇಷ್ಟು ಸೇರಿದರೆ ನಾನು. ನಲವತ್ತು ದಾಟುತ್ತಿದ್ದಂತೆ ಬಲಮಂಡಿ ಕೈಕೊಟ್ಟಿತು. ಬಸ್ಕಿ ಹೊಡೆಸುವ ಮೇಷ್ಟ್ರಿಗೇ ಬಸ್ಕಿ ಹೊಡೆಯಲು ಬರುವುದಿಲ್ಲ ಎಂದು ಗೊತ್ತಾದರೆ ಮರ್ಯಾದೆ ಏನಾಗಬೇಕು? ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ, ಏಕೆಂದರೆ ಮನೆಯಲ್ಲೂ ನಾನು ಡ್ರಿಲ್ ಮೇಷ್ಟ್ರೇ.

ಏನೋ ನೆಪ ಹೇಳಿ ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡೆ. ಅವರು ಊತ, ನೋವು ಇಳಿಸುವ ಮಾತ್ರೆ ಬರೆದುಕೊಟ್ಟು, "ಒಂದು ವಾರ ತಗೊಳ್ಳಿ ಮೇಷ್ಟ್ರೇ, ಊಟ ಆದ್ಮೇಲೆ. ಖಾಲಿ ಹೊಟ್ಟೇಲಿ ಬೇಡ. ಆಮೇಲೂ ನೋವಿದ್ರೆ ಬಂದು ತೋರ್ಸಿ" ಎಂದರು. "ಆಯ್ತು ಸಾರ್" ಎಂದೆ. ಮಾತ್ರೆ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ತಿಂಗಳುಗಳು ಕಳೆದರೂ ನಾನು ಅದನ್ನು ಬಿಡಲಿಲ್ಲ. ಡಾಕ್ಟರ ಕಡೆ ತಲೆ ಹಾಕಲಿಲ್ಲ. ಹಳೇ ಚೀಟಿ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಿದ್ದರು.

ಡ್ರಿಲ್ ಬೆಳಗಿನ ಹೊತ್ತು. ಪೂಜೆ ಏನಿದ್ದರೂ ಡ್ರಿಲ್ ಮುಗಿಸಿ ಮನೆಗೆ ಬಂದ ಮೇಲೆ. ಪೂಜೆ ಆಗದೆ ನಮ್ಮ ಮನೆಯಲ್ಲಿ ತಿಂಡಿ ಮುಟ್ಟುವಂತಿಲ್ಲ. ಹಾಗಾಗಿ ಎದ್ದ ಕೂಡಲೇ ಬರೀ ಕಾಫಿಯ ಜೊತೆ ಒಂದು ಮಾತ್ರೆ ನುಂಗುತ್ತಿದ್ದೆ. ಸೋಮವಾರವಂತೂ ಶಿವನ ಹೆಸರಲ್ಲಿ ರಾತ್ರಿಯವರೆಗೂ ಉಪವಾಸ. ಉಪವಾಸದಲ್ಲಿ ಕಾಫಿಗೆ ಹಿರಿಯರೇ ವಿನಾಯಿತಿ ಕೊಟ್ಟಿದ್ದರು. ಮಾತ್ರೆಗೆ ನಾನು ಕೊಟ್ಟೆ. ಔಷಧಿಯೇನು ಊಟವೇ? ಮಧ್ಯಾಹ್ನ ಮಂಡಿ ಎಳೆದರೆ ಇನ್ನೊಂದು ನುಂಗುತ್ತಿದ್ದೆ. ವ್ರತಕ್ಕೆ ಮಾತ್ರ ಭಂಗ ತಂದವನಲ್ಲ.

ಹೊಟ್ಟೆ ಉರಿಯತೊಡಗಿತು. ಭಕ್ತಿ ಬಲಿಯುತ್ತಿದೆ ಎಂದುಕೊಂಡೆ. ಆಮೇಲೆ ಮಲ ಟಾರಿನಂತೆ ಕಪ್ಪಾಯಿತು. ಆಗ ಮನೆಯಲ್ಲಿ ಮುದ್ದೆಗೂ ರೊಟ್ಟಿಗೂ ಹುಚ್ಚೆಳ್ಳು ಚಟ್ನಿ ನಡೆಯುತ್ತಿತ್ತು. ಕಪ್ಪು ತಿಂದವನಿಗೆ ಕಪ್ಪು ಹೋಗದೆ ಇನ್ನೇನು ಹೋದೀತು? ನನ್ನ ಪತ್ತೇದಾರಿಕೆಗೆ ನಾನೇ ತಲೆದೂಗಿದೆ.

"ಇನ್ಮೇಲೆ ಹುಚ್ಚೆಳ್ಳು ಮನೆಯೊಳಗೆ ಬರಕೂಡ್ದು ಕಣೇ" ಎಂದು ಅಪ್ಪಣೆ ಮಾಡಿದೆ.

"ಯಾಕ್ರೀ? ಮೊನ್ನೆ ಬೆರಳು ಚೀಪ್ಕೊಂಡ್ ತಿಂದ್ರಲ್ಲ?"

"ಹೇಳಿದಷ್ಟು ಮಾಡು."

ಚಟ್ನಿ ನಿಂತಿತು. ಕಪ್ಪು ನಿಲ್ಲಲಿಲ್ಲ. ಆಗಲಾದರೂ ಬುದ್ಧಿ ಬರಬೇಕಿತ್ತು. ಹಳೇ ಚಟ್ನಿ ಒಳಗೆ ಇನ್ನೂ ಉಳಿದಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಒಂದು ಸೋಮವಾರ ಮೈದಾನದಲ್ಲಿ "ಸಾವಧಾನ್!" ಎಂದು ಕೂಗಿದವನೇ ರಕ್ತ ಕಾರಿಕೊಂಡು ಬಿದ್ದೆ. ಸಾಲು ಕದಲಲಿಲ್ಲ. "ವಿಶ್ರಾಮ್" ಎನ್ನುವವರೆಗೆ ಒಬ್ಬನೂ ಅಲುಗಾಡಬಾರದು ಎಂದು ಕಲಿಸಿದವನು ನಾನೇ ತಾನೆ! ಹೆಡ್‌ಮಾಸ್ಟರು ಓಡಿ ಬಂದು, ನನ್ನ ಹೆಂಡತಿಯನ್ನೂ ಕರೆಸಿ, ಬಾಡಿಗೆ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಸಾಗಿಸಿದರು.

"ಹೊಟ್ಟೇಲಿ ಹುಣ್ಣಾಗಿ ರಕ್ತ ಸೋರ್ತಿದೆ. ಮಲ ಕಪ್ಪಗೆ ಹೋಗ್ತಿತ್ತಾ? ಅದೂ ರಕ್ತಾನೇ" ಎಂದರು ಅಲ್ಲಿನ ಡಾಕ್ಟರು. "ನೋವಿನ ಮಾತ್ರೆ ಏನಾದ್ರೂ ತಗೋತಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು. "ಇಲ್ಲ ಸಾರ್. ನಮ್ಮನೆಯವ್ರಿಗೆ ಇವತ್ತಿನವರ್ಗೂ ಒಂದು ಕಾಲ್ನೋವು, ಕೈನೋವು ಅಂತ ಬಂದಿಲ್ಲ." ಅಷ್ಟು ಭಯದಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು, ನಾನು ಉಳಿಯುತ್ತಿರಲಿಲ್ಲ. ನನಗೆ ಸಾಯಲು ಭಯವಾಯಿತು. ಮಂಡಿ, ಮಾತ್ರೆ, ಬರೀ ಹೊಟ್ಟೆ, ಎಲ್ಲ ಹೇಳಿದೆ. ಡಾಕ್ಟರು ಬೈಯುತ್ತಲೇ ರಕ್ತ ಕೊಡಿಸುವ ವ್ಯವಸ್ಥೆಗೆ ಓಡಿದರು.

ಹೆಂಡತಿ ಮಂಚದ ಪಕ್ಕ ಬಂದು ಕೂತಳು. ಕಣ್ಣೊರೆಸಿಕೊಂಡು, "ಮಂಡಿ ನೋವು ಅಂದಿದ್ರೆ ನಾನೇನು ನಗ್ತಿದ್ನಾ?" ಎಂದಳು.

"ನಿನ್ನ ಜಾಗ್ದಲ್ಲಿ ನಾನಿದ್ದಿದ್ರೆ ನಗ್ತಿದ್ದೆ ಕಣೇ" ಎಂದೆ.